ಸಹಾಯ ಬೇಕು: ಐಸಿಯುನ ಹೊಸ ನರ್ಸ್‌ಗೆ ನಾರ್‌ಅಡ್ರಿನಾಲಿನ್ (ಕುಸಿದ ರಕ್ತದೊತ್ತಡವನ್ನು ಎತ್ತಿಹಿಡಿಯುವ ಔಷಧ) ಸಿರಿಂಜ್ ಬದಲಿಸುವುದನ್ನು ಯಾವಾಗ ಒಪ್ಪಿಸಬೇಕು?

ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ನೇರವಾಗಿ ನಮ್ಮ ಐಸಿಯುಗೆ ಸೇರಿರುವ ಕಿರಿಯ ಸಹೋದ್ಯೋಗಿಯೊಬ್ಬರಿಗೆ ಕೆಲಸ ಕಲಿಸುವ ಹೊಣೆ ನನ್ನದಾಗಿದೆ. ಓದಿನಲ್ಲಿ ಅವರು ಗಟ್ಟಿ. ವೆಂಟಿಲೇಟರ್‌ನಲ್ಲಿರುವ ರೋಗಿಯ ಆಮ್ಲಜನಕದ ಮಟ್ಟ ಕುಸಿದರೆ, ಟ್ಯೂಬ್ ಜರುಗಿದೆಯೇ, ಕಫದಿಂದ ಕಟ್ಟಿಕೊಂಡಿದೆಯೇ, ಎದೆಗೂಡಿನಲ್ಲಿ ಗಾಳಿ ತುಂಬಿ ಶ್ವಾಸಕೋಶ ಕುಸಿದಿದೆಯೇ, ಯಂತ್ರದಲ್ಲೇ ದೋಷವಿದೆಯೇ ಎಂದು ಕ್ರಮವಾಗಿ ಹೇಳಬಲ್ಲರು. ಆದರೆ ಅಲಾರಂ ಹೊಡೆದ ಕೂಡಲೇ ರೋಗಿಯನ್ನು ನೋಡುವ ಬದಲು ನನ್ನ ಮುಖ ನೋಡುತ್ತಾರೆ.

ಪಂಪ್ ಮೂಲಕ ರಕ್ತನಾಳಕ್ಕೆ ನಿರಂತರವಾಗಿ ಹರಿಯುವ ನಾರ್‌ಅಡ್ರಿನಾಲಿನ್‌ನ ಸಿರಿಂಜ್ ಖಾಲಿಯಾಗುತ್ತಾ ಬಂದಾಗ ಅದನ್ನು ಬದಲಿಸುವಾಗ ಈ ತೊಡಕು ಹೆಚ್ಚು. ಆ ಔಷಧದ ಪರಿಣಾಮ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುವುದರಿಂದ, ಹರಿವು ಸ್ವಲ್ಪ ತಡೆದರೂ ಸರಾಸರಿ ರಕ್ತದೊತ್ತಡ (MAP) ಸಾಮಾನ್ಯ ಗುರಿಯಾದ 65 mmHg ಗಿಂತ ಕೆಳಗೆ ಜಾರಬಹುದು. ಮೊದಲು ನಾನೇ ಮಾಡಿ ತೋರಿಸಿದೆ, ಖಾಲಿ ಹಾಸಿಗೆಯ ಬಳಿ ಸಲೈನ್ ತುಂಬಿದ ಸಿರಿಂಜ್‌ನಲ್ಲಿ ಅಭ್ಯಾಸ ಮಾಡಿಸಿದೆ, ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳುತ್ತಾ ಮಾಡಲು ತಿಳಿಸಿದೆ. ಅಭ್ಯಾಸದಲ್ಲಿ ಕೈ ನಡುಗುವುದಿಲ್ಲ. ರೋಗಿಯ ಮುಂದೆ ಮಾತ್ರ ನಿಂತುಬಿಡುತ್ತಾರೆ. (ಒಬ್ಬ ನರ್ಸ್‌ಗೆ ಇಬ್ಬರು ವೆಂಟಿಲೇಟರ್ ರೋಗಿಗಳನ್ನು ಕೊಡುವ ರಾತ್ರಿ ಪಾಳಿಯಲ್ಲಿ ಕಲಿಸಲು ಬಿಡುವಾದರೂ ಎಲ್ಲಿ!)

ನನ್ನ ಗೊಂದಲ ಇಷ್ಟೇ: ಪಕ್ಕದಲ್ಲೇ ನಿಂತರೆ ಅವರು ನನ್ನನ್ನೇ ಅವಲಂಬಿಸುತ್ತಾರೆ, ದೂರ ಸರಿದರೆ ಅಪಾಯ ರೋಗಿಗೆ. ಡೋಸ್ ಕಡಿಮೆಯಿರುವ, ಸ್ಥಿರವಾಗಿರುವ ರೋಗಿಯಿಂದ ಆರಂಭಿಸುವುದು ಸರಿಯೆಂದು ನನಗನಿಸುತ್ತದೆ, ಆದರೆ ಅಲ್ಲಿಂದ ಮುಂದಿನ ದಾರಿ ಕಾಣುತ್ತಿಲ್ಲ. ಹೊಸಬರು ಈ ಕೆಲಸವನ್ನು ಒಬ್ಬರೇ ಮಾಡಬಲ್ಲರೆಂದು ನೀವು ಯಾವ ಲಕ್ಷಣ ನೋಡಿ ನಿರ್ಧರಿಸುತ್ತೀರಿ, ಮತ್ತು ಅಲಾರಂ ಹೊಡೆದಾಗ ಯಾವ ಹಂತದವರೆಗೆ ಕೈಹಾಕದೆ ಕಾಯುತ್ತೀರಿ?