ಸಹಾಯ ಬೇಕು: ‘ಫೀವರಿಶ್ಲಿ’ಗೆ ಕನ್ನಡದಲ್ಲಿ ಏನೆನ್ನೋಣ?
ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದ ಮಕ್ಕಳಿಗೆ ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ‘ದೆ ವರ್ಕ್ಡ್ ಫೀವರಿಶ್ಲಿ’ ಎಂಬುದಕ್ಕೆ ಒಬ್ಬಳು ‘ಜ್ವರದಲ್ಲೇ ಕೆಲಸ ಮಾಡಿದರು’ ಎಂದು ಬರೆದಳು. ಪದ ಹುಟ್ಟಿದ್ದು ‘ಫೀವರ್’ನಿಂದಲೇ, ಆದರೆ ಇಲ್ಲಿ ಯಾರಿಗೂ ಜ್ವರವಿಲ್ಲ. ಹೊತ್ತು ಮೀರುವ ಮೊದಲು ಮುಗಿಸಬೇಕೆಂಬ ಆವೇಗದ ದುಡಿಮೆ ಅದು. ಅಂಗಳದ ತುಂಬ ಅಡಿಕೆ ಹರವಿದೆ, ಮೊದಲ ಹನಿ ಬಿತ್ತು, ಮನೆಮಂದಿಯೆಲ್ಲ ಗೋಣಿ, ಬುಟ್ಟಿ ಹಿಡಿದು ಬಾಚುತ್ತಾರಲ್ಲ, ಹಾಗೆ ಎಂದೆ. ತಟ್ಟನೆ ಹೊಳೆಯಿತು ಅವಳಿಗೆ.

ಆದರೆ ಬರೆಯಲು ಒಂದು ಪದ ಬೇಕಲ್ಲ! ‘ಗಡಿಬಿಡಿಯಿಂದ’ ಎಂದರೆ ಎಡವಟ್ಟಾದಂತೆ ಕೇಳುತ್ತದೆ, ‘ತರಾತುರಿಯಿಂದ’ ಎಂದರೆ ಬರೀ ಅವಸರ. ‘ಫ್ರ್ಯಾಂಟಿಕಲಿ’ ಬೇರೆಯೇ, ಅದರಲ್ಲಿ ಗಾಬರಿ ಹೆಚ್ಚು. ಜಾತ್ರೆಯಲ್ಲಿ ತಪ್ಪಿಹೋದ ಮಗುವನ್ನು ಹುಡುಕುವಾಗ ಅದು ಸರಿ.

ನಿಮ್ಮ ಮನೆಮಾತಿನಲ್ಲಿ, ಹವ್ಯಕವಿರಲಿ ತುಳುವಿರಲಿ, ಒಪ್ಪುವ ಪದವಿದ್ದರೆ ದಯವಿಟ್ಟು ವಾಕ್ಯ ಸಮೇತ ತಿಳಿಸಿ. ಬುಧವಾರ ಅವಳು ಮತ್ತೆ ಬರುತ್ತಾಳೆ.