ಅಪ್‌ಡೇಟ್: ಸೂಸನ್ ಬಿ. ಆಂಟನಿಯವರ ಭಾಷಣದ ಉದ್ದೇಶ ಕುರಿತು

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಗ್ರಹಿಕೆ ಪರೀಕ್ಷೆಗಾಗಿ ಕೊಟ್ಟ, ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದ ಅಮೆರಿಕದ ಆಂಟನಿಯವರ 1873ರ ಭಾಷಣದ ಮುಖ್ಯ ಉದ್ದೇಶ ಸಹಾನುಭೂತಿ ಗಳಿಸುವುದೇ, ಹೊಸ ಕಾನೂನನ್ನು ಕೋರುವುದೇ ಎಂದು ಕೇಳಿದ್ದೆ. ಎರಡೂ ಅಲ್ಲವೆಂಬ ನಿಮ್ಮ ಉತ್ತರ ಪಠ್ಯಕ್ಕೆ ಸರಿಯಾಗಿ ಹೊಂದುತ್ತದೆ. 1872ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಹಾಕಿದ್ದಕ್ಕಾಗಿ ಬಂಧನಕ್ಕೊಳಗಾಗಿದ್ದ ಅವರು, ತಾವು ಮಾಡಿದ್ದು ಅಪರಾಧವೇ ಅಲ್ಲ, ಸಂವಿಧಾನ ಆಗಲೇ ಖಾತರಿಪಡಿಸಿರುವ ಹಕ್ಕಿನ ಚಲಾವಣೆ ಎಂದು ಆರಂಭದಲ್ಲೇ ಸಾರುತ್ತಾರೆ. ಕೊನೆಗೆ ವಾದ ಬಿಗಿಯಾಗುವ ಬಗೆ ಸೊಗಸಾಗಿದೆ: ಸ್ತ್ರೀಯರು ವ್ಯಕ್ತಿಗಳೇ? ಹೌದಾದರೆ ಅವರು ನಾಗರಿಕರು. ನಾಗರಿಕರಾದರೆ ಅವರ ಹಕ್ಕನ್ನು ಮೊಟಕುಗೊಳಿಸುವ ಕಾನೂನು ಮಾಡಲು ಯಾವ ರಾಜ್ಯಕ್ಕೂ ಅಧಿಕಾರವಿಲ್ಲ. ನ್ಯಾಯಾಲಯ ವಿಧಿಸಿದ 100 ಡಾಲರ್ ದಂಡವನ್ನು ಅವರು ಕಟ್ಟಲೇ ಇಲ್ಲ (ಪರೀಕ್ಷೆಗೆ ಬೇಕಿಲ್ಲದ ಸಂಗತಿ, ಆದರೂ ತರಗತಿಯಲ್ಲಿ ಹೇಳದಿರಲಾಗಲಿಲ್ಲ). ಧಾಟಿಯ ಪ್ರಶ್ನೆಗೆ ‘ಆಕ್ರೋಶ’ ಎಂದವರಿಗಲ್ಲ, ‘ತರ್ಕಬದ್ಧ’ ಎಂದವರಿಗೆ ಅಂಕ ಕೊಡುತ್ತಿದ್ದೇನೆ.