ಸಹಾಯ ಬೇಕು: ಹಳೆಯ ಬೇವಿನ ಮರದ ಕೆಳಗೆ ಯಾವ ಪೊದೆಗಿಡ ನೆಡಬಹುದು?

ಎಲ್ಲರಿಗೂ ಶರಣು. ಕಲಬುರಗಿಯಲ್ಲಿ ನಮ್ಮ ಮನೆಯ ಅಂಗಳದಲ್ಲಿ ಅಜ್ಜನ ಕಾಲದ ಬೇವಿನ ಮರವಿದೆ. ಬುಡದ ಸುತ್ತ ನೆಲ ಬೋಳಾಗಿದೆ. ಅಲ್ಲಿ ಪೊದೆಗಿಡ ಬೆಳೆಸುವ ಆಸೆ. ದಾಸವಾಳ ನೆಟ್ಟೆ, ಬೆಳಕು ಹುಡುಕುತ್ತಾ ಸಣಕಲಾಗಿ ಉದ್ದವಾಯಿತೇ ಹೊರತು ಮೊಗ್ಗು ಬಿಡಲಿಲ್ಲ. ಕಣಗಿಲೆಯದೂ ಅದೇ ಪಾಡು. ನಮ್ಮದು ಎರೆಮಣ್ಣು: ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಬಿರುಕು, ಆ ಬಿರುಕಿನೊಳಗೂ ಬೇವಿನ ಬೇರಿನ ಎಳೆಗಳೇ. ಹಾಕಿದ ನೀರನ್ನೆಲ್ಲ ಮರವೇ ಕುಡಿಯುತ್ತದೆ. ಬಿಸಿಲು 42 ಡಿಗ್ರಿ ದಾಟುವ ಊರಿನಲ್ಲಿ ಆ ನೆರಳೇ ನಮಗೆ ಆಸರೆ. ಮರಕ್ಕೆ ಪೆಟ್ಟಾಗುವ ಯಾವುದನ್ನೂ ಮಾಡಲಾರೆ.

ಒಂದು ಅಡಿ ಕೆಂಪು ಮಣ್ಣು ಏರಿಸಿ ನೆಡಿ ಎಂದು ನರ್ಸರಿಯವರು ಹೇಳುತ್ತಾರೆ. ಹಾಗೆ ಮಾಡಿದರೆ ಬೇರಿಗೆ ಗಾಳಿಯಾಡದೆ ಮರವೇ ಸೊರಗುತ್ತದೆ ಎಂದು ಪಕ್ಕದ ಮನೆಯ ಕಾಕಾ ತಡೆದರು. ನನಗೂ ಅವರ ಮಾತೇ ಸರಿ ಎನಿಸುತ್ತದೆ. ಬೇರುಗಳ ನಡುವೆ ಸಣ್ಣ ಗುಂಡಿ ತೋಡಿ, ಮಳೆ ಹಿಡಿದ ಮೇಲೆ ಎಳೆಯ ಸಸಿ ನೆಡಬೇಕೆಂದಿದ್ದೇನೆ. ಆಡುಸೋಗೆ, ಕನಕಾಂಬರ, ನಂದಿಬಟ್ಟಲು ಮನಸ್ಸಿನಲ್ಲಿವೆ.

ಬೇವಿನ ಕೆಳಗೆ, ಎರೆಮಣ್ಣಿನಲ್ಲಿ ಇವುಗಳಲ್ಲಿ ಯಾವುದನ್ನಾದರೂ ಬೆಳೆಸಿದವರಿದ್ದೀರಾ? ಯಾವುದು ಬೇಸಿಗೆ ದಾಟಿ ಉಳಿಯಿತು, ಬುಡದಿಂದ ಎಷ್ಟು ದೂರ ನೆಟ್ಟಿದ್ದಿರಿ?